ಧೈರ್ಯದ ಕಡ್ಡಾಯ

1811ರ ಸೆಪ್ಟೆಂಬರ್ 30ರಂದು, ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯ ಮನೆಗೆ ಕಪ್ಪು ಉಡುಪು ತೊಟ್ಟ ಏಳು ಮಂದಿ ಗಂಡಸರು ಬಂದರು. ಅವರಲ್ಲಿ ಮುಖ್ಯನಾದವನು ನೆಪೋಲಿಯನ್ನನ ಸೈನ್ಯದ ಹೆಸರಾಂತ ಶಸ್ತ್ರವೈದ್ಯ ಡೊಮಿನಿಕ್ ಲಾರೆ. ಬರ್ನಿಗೆ ಆಗ 59 ವರ್ಷ. ಬಲಸ್ತನದಲ್ಲಿ ಗಂಟು. ಗಂಡ ನೋಡಬಾರದೆಂದು ಅವನನ್ನು ಉಪಾಯವಾಗಿ ಹೊರಗೆ ಕಳಿಸಿದ್ದಳು. ಜೀವ ಹೋದರೆ ಇರಲಿ ಎಂದು ಅವನಿಗೂ ಮಗನಿಗೂ ನಾಲ್ಕು ಸಾಲು ಬರೆದಿಟ್ಟಳು. ಬ್ಯಾಂಡೇಜು, ಸ್ಪಂಜುಗಳನ್ನು ಜೋಡಿಸಿಟ್ಟಿದ್ದ ಕೋಣೆಯನ್ನು ಕಂಡು ಹೊಟ್ಟೆ ತೊಳಸಿದಂತಾಗಿ, ಮನಸ್ಸು ಮರಗಟ್ಟುವವರೆಗೂ ಅತ್ತಿಂದಿತ್ತ ನಡೆದಳು. ಅರಿವಳಿಕೆ ಬರಲು ಇನ್ನೂ 35 ವರ್ಷ ಇತ್ತು. ಆಕೆಗೆ ಕೊಟ್ಟದ್ದು ಒಂದು ಲೋಟ ದ್ರಾಕ್ಷಾರಸದ ಪಾನೀಯ ಮಾತ್ರ. ಮುಖದ ಮೇಲೆ ಹಾಸಿದ ತೆಳು ಕರವಸ್ತ್ರದ ಮೂಲಕ ಉಕ್ಕಿನ ಹೊಳಪು ಕಾಣುತ್ತಿತ್ತು. ಇಪ್ಪತ್ತು ನಿಮಿಷ ಕೊಯ್ತ ನಡೆಯಿತು.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಶಸ್ತ್ರಚಿಕಿತ್ಸೆಗೆ ಮುಂಚೆ ನಡೆದ ಒಂದು ಸಣ್ಣ ಮಾತುಕತೆ. ಮೊರೊ ಎಂಬ ವೈದ್ಯ ಬರ್ನಿಯನ್ನು ಕೇಳಿದ: ಮಗ ಹುಟ್ಟಿದಾಗ ಹೆರಿಗೆ ನೋವಿಗೆ ಕೂಗಿಕೊಂಡಿದ್ದಿರಾ? ಕೂಗದೆ ಇರಲಾಗಲಿಲ್ಲ ಎಂದಳು ಆಕೆ. ಹಾಗಾದರೆ ಭಯವಿಲ್ಲ ಎಂದ ಆತ. ನೋವನ್ನು ನುಂಗಿಕೊಂಡು ಸುಮ್ಮನಿರುವ ಹೆಂಗಸೇ ಅವನ ಕಣ್ಣಿಗೆ ಅಪಾಯದಲ್ಲಿರುವವಳು. ಬರ್ನಿ ಕೂಗಿದಳು, ಕೊಯ್ಯುವಷ್ಟು ಹೊತ್ತೂ ಕೂಗಿದಳು. ಆಮೇಲೆ ಎಷ್ಟೋ ತಿಂಗಳು ಆ ದಿನದ ಬಗ್ಗೆ ಬಾಯಿ ಬಿಡಲು ಆಗಲಿಲ್ಲ. 1812ರ ಮಾರ್ಚಿನಲ್ಲಿ ಅಕ್ಕ ಎಸ್ತರಳಿಗೆ ಎಲ್ಲವನ್ನೂ ಪತ್ರದಲ್ಲಿ ಬರೆಯಲು ಕೂತಳು. ಮುಗಿದದ್ದು ಜೂನಿನಲ್ಲಿ. ಬರೆದದ್ದನ್ನು ಮತ್ತೆ ಓದಿ ತಿದ್ದುವ ಧೈರ್ಯ ಬರಲಿಲ್ಲ. 1840ರವರೆಗೆ ಬದುಕಿದಳು. ಆ ಗಂಟು ನಿಜಕ್ಕೂ ಕ್ಯಾನ್ಸರೇ ಆಗಿತ್ತೇ ಎಂದು ಇಂದಿನ ವೈದ್ಯರು ಅನುಮಾನಿಸುವುದುಂಟು. ಅದು ಇಲ್ಲಿ ಮುಖ್ಯವಲ್ಲ.

ಇಷ್ಟು ಭಯಂಕರವಾದದ್ದನ್ನು ಮನುಷ್ಯರು ಯಾವ ಯಾವ ಬಗೆಯಲ್ಲಿ ತಾಳಿಕೊಳ್ಳುತ್ತಾರೆ? ತಾಳಿಕೊಂಡ ಬಗೆಗೂ ಆಮೇಲಿನ ಬದುಕು ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಸಂಬಂಧವಿದೆಯೆ? ಇಂದು ಮನಶ್ಶಾಸ್ತ್ರದ ಪತ್ರಿಕೆಗಳಲ್ಲಿ ಇದಕ್ಕೆ ದೊಡ್ಡದೊಂದು ಸಾಹಿತ್ಯವೇ ಇದೆ. ಅದರ ಬಹುಪಾಲು ಸ್ತನ ಕ್ಯಾನ್ಸರಿನ ಹೆಂಗಸರನ್ನು ಮಾತನಾಡಿಸಿ ಕಟ್ಟಿದ್ದು. ಆ ವಿಚಾರ ಬೆಳೆದುಬಂದ ದಾರಿಯನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ಕೆಲವು ಹೆಂಗಸರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಒಂದು ಸತ್ಯ, ಇಪ್ಪತ್ತು ಮೂವತ್ತು ವರ್ಷಗಳೊಳಗೆ ಉಳಿದ ಹೆಂಗಸರ ಮೇಲೆ ಹೇರುವ ಒಂದು ಕಡ್ಡಾಯವಾಯಿತು.

ಮೊದಲು ಮೌನದ ಕಾಲ. ಈ ಮೌನ ಹಳೆಯದು. ಪರ್ಶಿಯದ ರಾಣಿ ಅತೋಸ್ಸಳ ಸ್ತನದಲ್ಲಿ ಹುಣ್ಣಾದಾಗ ಅದು ಸಣ್ಣದಿರುವವರೆಗೂ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ ಎಂದು ಹೆರೊಡೋಟಸ್ ಬರೆದಿದ್ದಾನೆ. ಎರಡು ಸಾವಿರದ ನಾನೂರು ವರ್ಷಗಳ ನಂತರವೂ ಸ್ಥಿತಿ ಬಹಳ ಬದಲಾಗಿರಲಿಲ್ಲ. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1880ರ ದಶಕದಲ್ಲಿ ರೂಢಿಗೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಅದು 1970ರ ದಶಕದವರೆಗೂ ನಡೆಯಿತು. ಗಂಟು ಎಂಥದೆಂದು ತಿಳಿಯಲು ಹೆಂಗಸನ್ನು ಮಲಗಿಸಿ ಅರಿವಳಿಕೆ ಕೊಡುತ್ತಿದ್ದರು. ಆಕೆ ಮಲಗಿದ್ದಾಗಲೇ ಪರೀಕ್ಷೆ ಮಾಡಿ, ಕ್ಯಾನ್ಸರ್ ಎಂದಾದರೆ ಆಗಲೇ ಸ್ತನ ತೆಗೆದುಬಿಡುತ್ತಿದ್ದರು. ತನಗೆ ಸ್ತನ ಉಳಿದಿದೆಯೇ ಇಲ್ಲವೇ ಎಂಬುದು ಎಚ್ಚರವಾಗಿ ಕೈಯಿಂದ ಮುಟ್ಟಿ ನೋಡಿಕೊಂಡಾಗಲೇ ಆಕೆಗೆ ಗೊತ್ತಾಗುತ್ತಿತ್ತು.

ರೇಚಲ್ ಕಾರ್ಸನ್ ಈ ಕಾಲಕ್ಕೆ ಸೇರಿದವರು. ಕೀಟನಾಶಕಗಳ ಬಗ್ಗೆ ಜಗತ್ತಿನ ಕಣ್ಣು ತೆರೆಸಿದ 'ಸೈಲೆಂಟ್ ಸ್ಪ್ರಿಂಗ್' ಬರೆಯುತ್ತಿದ್ದಾಗಲೇ, 1960ರಲ್ಲಿ, ಅವರ ಸ್ತನವನ್ನು ತೆಗೆಯಲಾಯಿತು. ಆದದ್ದು ಕ್ಯಾನ್ಸರ್ ಎಂಬುದನ್ನು ಆ ಶಸ್ತ್ರವೈದ್ಯರು ನೇರವಾಗಿ ಹೇಳಲಿಲ್ಲ. ತಿಂಗಳುಗಳ ನಂತರ ಬೇರೊಬ್ಬ ವೈದ್ಯರ ಬಳಿ ಹೋದಾಗಷ್ಟೇ ನಿಜ ತಿಳಿಯಿತು. ಪುಸ್ತಕ 1962ರಲ್ಲಿ ಹೊರಬಂತು. ರಾಸಾಯನಿಕ ಕಂಪನಿಗಳು ಅವರ ಮೇಲೆ ಮುಗಿಬಿದ್ದಿದ್ದವು. ತನಗೆ ಕ್ಯಾನ್ಸರ್ ಎಂದು ಗೊತ್ತಾದರೆ, ರೋಗದ ಸಿಟ್ಟಿನಿಂದ ಬರೆದಿದ್ದಾಳೆ ಎಂದು ಅವು ಹೇಳಿಯಾವು ಎಂದು ಕಾರ್ಸನ್ ಕಾಯಿಲೆಯನ್ನು ಮುಚ್ಚಿಟ್ಟರು. ವಿಗ್ ಧರಿಸಿ ಸಭೆಗಳಿಗೆ ಹೋದರು. 1964ರ ಏಪ್ರಿಲ್ 14ರಂದು ತೀರಿಕೊಂಡರು. ಇಂದಿನ ಪ್ರಶ್ನಾವಳಿಯೊಂದನ್ನು ಅವರ ಕೈಗೆ ಕೊಟ್ಟಿದ್ದರೆ 'ಹೇಳಿಕೊಳ್ಳದವರು' ಎಂಬ ಅಂಕಣಕ್ಕೆ ಬೀಳುತ್ತಿದ್ದರೇನೋ. ಆದರೆ ಆಪ್ತ ಗೆಳತಿ ಡೊರೊತಿ ಫ್ರೀಮನ್‌ಗೆ ಬರೆದ ಪತ್ರಗಳಲ್ಲಿ ಕಾರ್ಸನ್ ಏನನ್ನೂ ಹೆಚ್ಚು ಮುಚ್ಚಿಡಲಿಲ್ಲ. ಲೋಕಕ್ಕೆ ಮುಚ್ಚಿದ ಬಾಗಿಲು ಒಬ್ಬರಿಗೆ ತೆರೆದಿತ್ತು. ಅಂಕಣಗಳಿಗೆ ಇಂಥ ಸೂಕ್ಷ್ಮ ದಕ್ಕುವುದಿಲ್ಲ.

ಅದೇ ಕಾಲದಲ್ಲಿ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಬೇರೊಂದು ದಾರಿ ಹಿಡಿದರು. 1952ರಲ್ಲಿ ಸ್ತನ ಕಳೆದುಕೊಂಡ ಆಕೆಗೆ, ತೋಳನ್ನು ಮತ್ತೆ ಹೇಗೆ ಎತ್ತುವುದು, ಯಾವ ಒಳಉಡುಪು ತೊಡುವುದು, ಗಂಡನೊಂದಿಗೆ ಹೇಗಿರುವುದು ಎಂದು ಹೇಳಲು ಆಸ್ಪತ್ರೆಯಲ್ಲಿ ಒಬ್ಬರೂ ಇರಲಿಲ್ಲ. ಚೇತರಿಸಿಕೊಂಡ ಮೇಲೆ ತಾನೇ ವಾರ್ಡುಗಳಿಗೆ ಹೋಗತೊಡಗಿದರು. ಕೈಯಲ್ಲಿ ಒಂದು ಪೊಟ್ಟಣ: ವ್ಯಾಯಾಮಕ್ಕೆ ರಬ್ಬರ್ ಚೆಂಡು, ಒಂದು ಹಗ್ಗ, ತಾತ್ಕಾಲಿಕವಾದ ಕೃತಕ ಸ್ತನ. 'ರೀಚ್ ಟು ರಿಕವರಿ' ಎಂಬ ಈ ಸೇವೆಯನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ವಹಿಸಿಕೊಂಡಿತು. ಅನುಭವಿಸಿದವಳೇ ಇನ್ನೊಬ್ಬಳ ಮಂಚದ ಪಕ್ಕ ಕೂರುವ ಈ ಕ್ರಮ ದೊಡ್ಡ ಹೆಜ್ಜೆ. ಅದರೊಳಗೆ ಒಂದು ಒತ್ತಾಯವೂ ಇತ್ತು: ಏನೂ ಆಗಿಲ್ಲವೆಂಬಂತೆ ಕಾಣಬೇಕು.

1974ರ ಸೆಪ್ಟೆಂಬರ್ 28ರಂದು ಅಧ್ಯಕ್ಷ ಫೋರ್ಡ್ ಅವರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಅವರು ಅದನ್ನು ಮುಚ್ಚಿಡಲಿಲ್ಲ. ಆ ತಿಂಗಳುಗಳಲ್ಲಿ ಎಷ್ಟು ಹೆಂಗಸರು ಪರೀಕ್ಷೆಗೆ ಹೋದರೆಂದರೆ ಅಮೆರಿಕದ ಸ್ತನ ಕ್ಯಾನ್ಸರ್ ಲೆಕ್ಕದಲ್ಲಿ ಆ ವರ್ಷಕ್ಕೆ ಒಂದು ಉಬ್ಬೇ ಎದ್ದಿತು. ಅದೇ ವರ್ಷ ಪತ್ರಕರ್ತೆ ರೋಸ್ ಕುಶ್ನರ್, ಮಲಗಿದ್ದಾಗ ನನ್ನನ್ನು ಕೇಳದೆ ಸ್ತನ ತೆಗೆಯಬೇಡಿ ಎಂದು ಶಸ್ತ್ರವೈದ್ಯರೊಂದಿಗೆ ಜಗಳವಾಡಿದರು. ಒಪ್ಪುವ ವೈದ್ಯರು ಸಿಗುವುದೇ ಕಷ್ಟವಾಯಿತು. ಆ ಜಗಳವನ್ನು ಅಲ್ಲಿಗೆ ಬಿಡದೆ ಪುಸ್ತಕ ಬರೆದರು, ಸರ್ಕಾರದ ಬಾಗಿಲು ಬಡಿದರು. 1979ರಲ್ಲಿ ಪರೀಕ್ಷೆಯನ್ನೂ ಶಸ್ತ್ರಚಿಕಿತ್ಸೆಯನ್ನೂ ಬೇರೆ ಮಾಡಬೇಕೆಂದು ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಹೇಳಿದಾಗ ಆ ಸಮಿತಿಯಲ್ಲಿ ಕುಶ್ನರ್ ಇದ್ದರು. ಕಾಯಿಲೆ ಒಬ್ಬ ಹೆಂಗಸಿನ ಬದುಕನ್ನು ಹಿಗ್ಗಿಸಿದ್ದಕ್ಕೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಬೇಕಿಲ್ಲ. ಆ ಹಿಗ್ಗುವಿಕೆಯ ಇಂಧನ ಕೋಪವಾಗಿತ್ತು.

ಕೋಪದ ಮಾತು ಬಂದಾಗ ಆಡ್ರಿ ಲಾರ್ಡ್ ಅವರನ್ನು ಬಿಟ್ಟು ಮುಂದೆ ಹೋಗಲಾಗದು. ಕಪ್ಪು ಜನಾಂಗದ ಈ ಕವಿಗೆ 1978ರಲ್ಲಿ ಸ್ತನ ತೆಗೆದರು. 'ದಿ ಕ್ಯಾನ್ಸರ್ ಜರ್ನಲ್ಸ್' 1980ರಲ್ಲಿ ಬಂತು. ಲ್ಯಾಸರ್ ಕಟ್ಟಿದ ಸಂಸ್ಥೆಯ ಸ್ವಯಂಸೇವಕಿಯೊಬ್ಬರು ಆಸ್ಪತ್ರೆಗೆ ಬಂದು, ಪ್ರೀತಿಯಿಂದಲೇ, ತಿಳಿಗುಲಾಬಿ ಬಣ್ಣದ ಕೃತಕ ಸ್ತನವನ್ನು ಕೊಟ್ಟರು. ಲಾರ್ಡ್ ಅವರ ಮೈಬಣ್ಣಕ್ಕೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಹತ್ತು ದಿನ ಕಳೆದು ವೈದ್ಯರ ಬಳಿ ಹೊಲಿಗೆ ತೆಗೆಸಲು ಹೋದಾಗ ಅದನ್ನು ತೊಟ್ಟಿರಲಿಲ್ಲ. ಇಲ್ಲಿಗೆ ಬರುವ ಬೇರೆ ರೋಗಿಗಳ ಮನಸ್ಸು ಕುಗ್ಗುತ್ತದೆ, ತೊಟ್ಟುಕೊಂಡು ಬನ್ನಿ ಎಂದು ಅಲ್ಲಿನ ನರ್ಸ್ ಹೇಳಿದರಂತೆ. ಇಸ್ರೇಲಿನ ಮೋಶೆ ದಯಾನ್ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಾನಲ್ಲ, ಗಾಜಿನ ಕಣ್ಣು ಹಾಕಿಕೋ ಎಂದು ಅವನಿಗೆ ಯಾರಾದರೂ ಹೇಳುತ್ತಾರೆಯೇ ಎಂಬುದು ಲಾರ್ಡ್ ಅವರ ಪ್ರಶ್ನೆ. ಭಯ, ದುಃಖ, ಸಿಟ್ಟು ಯಾವುದನ್ನೂ ಆ ಪುಸ್ತಕ ಬದಿಗಿಡುವುದಿಲ್ಲ. ತಾನು ಮೌನವಾಗಿದ್ದ ಗಳಿಗೆಗಳ ಬಗ್ಗೆಯೇ ಅವರಿಗೆ ಹೆಚ್ಚು ಪಶ್ಚಾತ್ತಾಪ. 1984ರಲ್ಲಿ ಕ್ಯಾನ್ಸರ್ ಪಿತ್ತಜನಕಾಂಗಕ್ಕೆ ಹರಡಿದ್ದು ತಿಳಿಯಿತು. ಮತ್ತೆ ಎಂಟು ವರ್ಷ ಬರೆದರು, ಕಲಿಸಿದರು, ಊರೂರು ತಿರುಗಿದರು. 1992ರಲ್ಲಿ, 58ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಇಷ್ಟುಹೊತ್ತಿಗೆ ವಿಷಯ ಪ್ರಯೋಗಶೀಲರ ಕೈಗೆ ಬಂದಿತ್ತು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಮನೋವೈದ್ಯ ಸ್ಟೀವನ್ ಗ್ರಿಯರ್ ಮತ್ತು ಸಹೋದ್ಯೋಗಿಗಳು, ಆರಂಭದ ಹಂತದ ಸ್ತನ ಕ್ಯಾನ್ಸರಿನ 69 ಹೆಂಗಸರನ್ನು ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳಿಗೆ ಮಾತನಾಡಿಸಿದರು. ಅವರು ಕಾಯಿಲೆಯನ್ನು ತೆಗೆದುಕೊಂಡ ಬಗೆಯಲ್ಲಿ ನಾಲ್ಕು ವಿಧ ಕಂಡವು. ನನಗೆ ಅಂಥದ್ದೇನೂ ಆಗಿಲ್ಲ ಎನ್ನುವವರು. ಇದನ್ನು ಸೋಲಿಸಿಯೇ ತೀರುತ್ತೇನೆ ಎಂಬ ಹೋರಾಟದ ಛಲದವರು. ಬಂದದ್ದು ಬಂತು ಎಂದು ಮೌನವಾಗಿ ಸಹಿಸುವವರು. ಎಲ್ಲ ಮುಗಿಯಿತು ಎಂದು ಕೈಚೆಲ್ಲಿದವರು. ಐದು ವರ್ಷಗಳ ನಂತರ ನೋಡಿದಾಗ ಮೊದಲ ಎರಡು ಗುಂಪಿನವರಲ್ಲಿ ಹೆಚ್ಚು ಮಂದಿ ರೋಗ ಮರುಕಳಿಸದೆ ಬದುಕಿದ್ದರು. 1979ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು.

ಫಲಿತಾಂಶವನ್ನು ಮತ್ತೊಮ್ಮೆ ಓದಿ. 'ಏನೂ ಆಗಿಲ್ಲ' ಎಂದವರೂ ಛಲಗಾತಿಯರಷ್ಟೇ ಚೆನ್ನಾಗಿದ್ದರು. ಆದರೆ ಲೋಕ ನೆನಪಿಟ್ಟುಕೊಂಡದ್ದು ಛಲವನ್ನು ಮಾತ್ರ. ಅದಕ್ಕೆ ಕಾರಣ ಆ ಕಾಲದ ಗಾಳಿಯಲ್ಲಿತ್ತು. 1971ರಲ್ಲಿ ನಿಕ್ಸನ್ ಸರ್ಕಾರ ಕ್ಯಾನ್ಸರ್ ಕಾನೂನು ತಂದಾಗಿನಿಂದ ಎಲ್ಲರ ಬಾಯಲ್ಲೂ 'ಕ್ಯಾನ್ಸರ್ ವಿರುದ್ಧ ಯುದ್ಧ'. ಯುದ್ಧವಿದ್ದ ಮೇಲೆ ಯೋಧರು ಬೇಕು. 1978ರಲ್ಲಿ ಕಾರ್ಲ್ ಸಿಮೊಂಟನ್ ಎಂಬ ವೈದ್ಯ, ಬಿಳಿ ರಕ್ತಕಣಗಳು ಕ್ಯಾನ್ಸರ್ ಕೋಶಗಳ ಮೇಲೆ ದಾಳಿ ಮಾಡುವುದನ್ನು ರೋಗಿಗಳು ಕಣ್ಣುಮುಚ್ಚಿ ಕಲ್ಪಿಸಿಕೊಳ್ಳಬೇಕೆಂದು ಹೇಳುವ ಪುಸ್ತಕ ತಂದರು. ಅದೇ ವರ್ಷ, ತಾವೇ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಸೂಸನ್ ಸೊಂಟಾಗ್ 'ಇಲ್‌ನೆಸ್ ಆ್ಯಸ್ ಮೆಟಫರ್' ಬರೆದು, ಮನಸ್ಸಿನಿಂದ ರೋಗ ಬರುತ್ತದೆ, ಮನಸ್ಸಿನಿಂದ ಹೋಗುತ್ತದೆ ಎಂಬ ನಂಬಿಕೆ ಕೊನೆಗೆ ರೋಗಿಯನ್ನೇ ಅಪರಾಧಿ ಮಾಡುತ್ತದೆ ಎಂದು ಎಚ್ಚರಿಸಿದರು. ಎರಡೂ ಪುಸ್ತಕ ಓದುಗರನ್ನು ಪಡೆದವು. ಆಸ್ಪತ್ರೆಯ ಹೊರಾಂಗಣದಲ್ಲಿ ಗೆದ್ದದ್ದು ಮೊದಲನೆಯದು.

ಬೆಳವಣಿಗೆಯ ಪ್ರಶ್ನೆಯನ್ನು ಆಯುಷ್ಯದ ಪ್ರಶ್ನೆಯಿಂದ ಬಿಡಿಸಿ ನೋಡಿದವರಲ್ಲಿ ಲಾಸ್ ಏಂಜಲೀಸಿನ ಮನಶ್ಶಾಸ್ತ್ರಜ್ಞೆ ಶೆಲ್ಲಿ ಟೇಲರ್ ಪ್ರಮುಖರು. 1983ರಲ್ಲಿ ಪ್ರಕಟವಾದ ಅವರ ಪ್ರಬಂಧ ಸ್ತನ ಕ್ಯಾನ್ಸರಿನ 78 ಹೆಂಗಸರ ಮಾತುಗಳನ್ನು ಆಧರಿಸಿದ್ದು. ಹೆಚ್ಚುಕಡಿಮೆ ಎಲ್ಲರಿಗೂ, ತನಗೆ ಇದು ಯಾಕೆ ಬಂತು ಎಂಬುದಕ್ಕೆ ಒಂದು ವಿವರಣೆ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಕಾಯಿಲೆಯಿಂದ ತಮ್ಮ ಬದುಕನ್ನು ಹೊಸದಾಗಿ ಅಳೆದುಕೊಂಡೆವು ಎಂದರು. ತುಂಬ ಮನುಷ್ಯಸಹಜವಾದ ಒಂದು ಲೆಕ್ಕಾಚಾರವನ್ನೂ ಟೇಲರ್ ಗುರುತಿಸಿದರು. ಗಂಟು ಮಾತ್ರ ತೆಗೆಸಿಕೊಂಡವರು ಇಡೀ ಸ್ತನ ಕಳೆದುಕೊಂಡವರನ್ನು ನೆನೆದು ನಾನು ವಾಸಿ ಎಂದುಕೊಳ್ಳುತ್ತಿದ್ದರು. ಸ್ತನ ಕಳೆದುಕೊಂಡವರು ಮಾತ್ರ ಗಂಟು ತೆಗೆಸಿಕೊಂಡವರೊಂದಿಗೆ ಹೋಲಿಸಿಕೊಳ್ಳುತ್ತಲೇ ಇರಲಿಲ್ಲ. ವಯಸ್ಸಾದವರು, ಪಾಪ ಚಿಕ್ಕವಯಸ್ಸಿನವರಿಗೆ ಬಂದರೆ ಹೇಗೆ ಎನ್ನುತ್ತಿದ್ದರು. ಚಿಕ್ಕವಯಸ್ಸಿನ ಯಾರೂ ನನಗೆ ವಯಸ್ಸಾಗಿರಬೇಕಿತ್ತು ಎನ್ನಲಿಲ್ಲ. ಮದುವೆಯಾದವರು ಒಂಟಿ ಹೆಂಗಸರಿಗಾಗಿ ಮರುಗಿದರು. ಒಂಟಿ ಹೆಂಗಸರು ಆ ಮರುಕವನ್ನು ಹಿಂತಿರುಗಿಸಲಿಲ್ಲ. ಪ್ರತಿಯೊಬ್ಬಳೂ ತನಗಿಂತ ಕಷ್ಟದಲ್ಲಿರುವ ಒಬ್ಬಳನ್ನು ಹುಡುಕಿಕೊಳ್ಳುತ್ತಿದ್ದಳು. ಅಂಥವಳು ಕಣ್ಣೆದುರು ಸಿಗದಿದ್ದರೆ ಕಲ್ಪಿಸಿಕೊಳ್ಳುತ್ತಿದ್ದಳು. ಇದನ್ನು ಆತ್ಮವಂಚನೆ ಎನ್ನಲು ಟೇಲರ್ ಒಪ್ಪಲಿಲ್ಲ. ಬಿದ್ದ ಮನೆಯನ್ನು ಮತ್ತೆ ಕಟ್ಟಲು ಕೈಗೆ ಸಿಕ್ಕ ಇಟ್ಟಿಗೆ ಅದು.

ಉತ್ತರ ಕೆರೊಲೈನಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್ಹೂನ್ ಈ ಅನುಭವಕ್ಕೆ 'ಆಘಾತೋತ್ತರ ಬೆಳವಣಿಗೆ' ಎಂಬ ಅರ್ಥದ ಹೆಸರು ಕೊಟ್ಟರು. 1996ರಲ್ಲಿ 21 ಹೇಳಿಕೆಗಳ ಒಂದು ಅಳತೆಪಟ್ಟಿ ಪ್ರಕಟಿಸಿದರು. ಇತರರೊಂದಿಗಿನ ಸಂಬಂಧ, ಹೊಸ ಸಾಧ್ಯತೆಗಳು, ಸ್ವಂತ ಶಕ್ತಿಯ ಅರಿವು, ಆಧ್ಯಾತ್ಮಿಕ ಬದಲಾವಣೆ, ಬದುಕಿನ ಬೆಲೆಯ ಅರಿವು ಎಂಬ ಐದು ದಿಕ್ಕುಗಳಲ್ಲಿ ಅದು ಅಳೆಯುತ್ತದೆ. ಅವರು ಕೊಡುವ ಹೋಲಿಕೆ ಭೂಕಂಪದ್ದು. ಭೂಕಂಪ ಯಾರನ್ನೂ ಉದ್ಧಾರ ಮಾಡುವುದಿಲ್ಲ, ಆಮೇಲಿನ ಕಟ್ಟುವಿಕೆಯಲ್ಲಿ ಏನಾದರೂ ಆದರೆ ಆದೀತು. ನೋವೂ ಬೆಳವಣಿಗೆಯೂ ಒಟ್ಟಿಗೇ ಇರಬಲ್ಲವು ಎಂದೂ ಅವರು ಒತ್ತಿ ಹೇಳಿದ್ದರು. ಈ ಎರಡು ಎಚ್ಚರಿಕೆಗಳು ಪತ್ರಿಕೆಯ ಪುಟಗಳಲ್ಲೇ ಉಳಿದವು. ಹೆಸರು ಮಾತ್ರ ಹೊರಗೆ ಬಂತು.

ಹೊರಗೆ ಆಗಲೇ ಗುಲಾಬಿ ಬಣ್ಣ ಹರಡುತ್ತಿತ್ತು. ಅದರ ಹುಟ್ಟಿನ ಕಥೆ ಸ್ವಾರಸ್ಯದ್ದು. ಷಾರ್ಲೆಟ್ ಹೇಲಿ ಎಂಬ ಅಮೆರಿಕದ ಮಹಿಳೆ 1990ರ ದಶಕದ ಆರಂಭದಲ್ಲಿ ಪೀಚ್ ಹಣ್ಣಿನ ಬಣ್ಣದ ರಿಬ್ಬನ್‌ಗಳನ್ನು ಮನೆಯಲ್ಲೇ ಮಾಡಿ ಹಂಚುತ್ತಿದ್ದರು. ಜೊತೆಗಿದ್ದ ಚೀಟಿಯಲ್ಲಿ ಸರ್ಕಾರಕ್ಕೆ ಒಂದು ಬೇಡಿಕೆ: ಕ್ಯಾನ್ಸರ್ ಸಂಶೋಧನೆಯ ಹಣದಲ್ಲಿ ರೋಗ ತಡೆಗೆ ಹೆಚ್ಚು ಪಾಲು ಕೊಡಿ. ಒಂದು ನಿಯತಕಾಲಿಕವೂ ಸೌಂದರ್ಯವರ್ಧಕಗಳ ಕಂಪನಿಯೂ ಸೇರಿ ಆ ರಿಬ್ಬನ್ನನ್ನು ಕೇಳಿದಾಗ, ಇದು ವ್ಯಾಪಾರದ ಮಾತು ಎಂದು ಹೇಲಿ ಒಪ್ಪಲಿಲ್ಲ. ವಕೀಲರ ಸಲಹೆಯಂತೆ ಅವರು ಬಣ್ಣ ಬದಲಾಯಿಸಿಕೊಂಡರು. ಬೇಡಿಕೆಯ ಚೀಟಿ ಉದುರಿಹೋಯಿತು, ರಿಬ್ಬನ್ ಉಳಿಯಿತು. ಕುಶ್ನರ್, ಲಾರ್ಡ್ ಅವರ ಕೋಪಕ್ಕೂ ಆದದ್ದು ಇದೇ. ಬದುಕುಳಿದವಳು ಈಗ ನಗುತ್ತ ಓಡುವವಳು, ಕ್ಯಾನ್ಸರಿಗೆ ಕೃತಜ್ಞಳಾಗಿರುವವಳು.

ಬಾರ್ಬರಾ ಎರೆನ್‌ರೈಕ್ ಅವರಿಗೆ 2000ದಲ್ಲಿ ಕ್ಯಾನ್ಸರ್ ಎಂದು ತಿಳಿದಾಗ ಅವರು ಕಾಲಿಟ್ಟದ್ದು ಈ ಲೋಕಕ್ಕೆ. ಜೀವಕೋಶ ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದು ಪತ್ರಕರ್ತೆಯಾದವರು ಅವರು. ತನ್ನ ಸಿಟ್ಟನ್ನು ಇತರ ರೋಗಿಗಳೊಂದಿಗೆ ಹಂಚಿಕೊಂಡಾಗ ಬಂದ ಉತ್ತರ, ನಿಮಗೆ ಸಲಹೆಗಾರರ ನೆರವು ಬೇಕು ಎಂಬುದು. 2001ರ ನವೆಂಬರಿನಲ್ಲಿ 'ಹಾರ್ಪರ್ಸ್' ಪತ್ರಿಕೆಯಲ್ಲಿ ಅವರು ಬರೆದ ಪ್ರಬಂಧ ಇಂದಿಗೂ ಚುಚ್ಚುತ್ತದೆ. ಗುಲಾಬಿ ಕರಡಿ ಬೊಂಬೆಗಳ ನಡುವೆ ಸಾಯುತ್ತಿರುವವಳಿಗೆ ಜಾಗವೆಲ್ಲಿ ಎಂದು ಅದು ಕೇಳುತ್ತದೆ. ರೋಗ ಮರುಕಳಿಸಿದರೆ, ನಾನು ಸಾಕಷ್ಟು ಧನಾತ್ಮಕವಾಗಿ ಯೋಚಿಸಲಿಲ್ಲ ಎಂದು ಆಕೆ ತನ್ನನ್ನೇ ಹಳಿದುಕೊಳ್ಳಬೇಕಲ್ಲವೇ?

ವಿಜ್ಞಾನ ಆ ಹೊತ್ತಿಗೆ ತನ್ನನ್ನು ತಿದ್ದಿಕೊಂಡಿತ್ತು. 1999ರಲ್ಲಿ ಮತ್ತೆ 'ಲ್ಯಾನ್ಸೆಟ್'ನಲ್ಲಿ, ಮ್ಯಾಗಿ ವಾಟ್ಸನ್ ಮುಂದಾಳುತನದಲ್ಲಿ ಆರಂಭಿಕ ಹಂತದ 578 ಹೆಂಗಸರ ಅಧ್ಯಯನ ಬಂತು. ಐದು ವರ್ಷಗಳ ಬದುಕುಳಿಕೆಯ ಮೇಲೆ ಹೋರಾಟದ ಛಲದ ಪರಿಣಾಮವೇ ಕಾಣಲಿಲ್ಲ. ತೀವ್ರ ಅಸಹಾಯಕತೆ ಮತ್ತು ಖಿನ್ನತೆಗೆ ಮಾತ್ರ ಸ್ವಲ್ಪ ಕೆಟ್ಟ ಪರಿಣಾಮವಿತ್ತು. ಛಲ ಹಿಡಿಯಲಾಗದವರು ಇನ್ನು ತಪ್ಪಿತಸ್ಥ ಭಾವನೆಯಿಂದ ಬಿಡುಗಡೆ ಪಡೆಯಬಹುದು ಎಂಬ ಅರ್ಥದ ಮಾತನ್ನು ಆ ಪ್ರಬಂಧ ಸೇರಿಸಿತ್ತು. ಅದರ ಲೇಖಕರ ಪಟ್ಟಿಯಲ್ಲಿ ಸ್ಟೀವನ್ ಗ್ರಿಯರ್ ಹೆಸರೂ ಇದೆ. ಇಪ್ಪತ್ತು ವರ್ಷ ಹಿಂದೆ ತಾನೇ ಹುಟ್ಟುಹಾಕಿದ ನಂಬಿಕೆಯನ್ನು ತಾನೇ ಅಳಿಸುವ ಪ್ರಬಂಧಕ್ಕೆ ಸಹಿ ಹಾಕುವುದು ವಿದ್ವತ್ತಿನಲ್ಲಿ ಅಪರೂಪ. ಸ್ಟ್ಯಾನ್‌ಫರ್ಡಿನ ಡೇವಿಡ್ ಸ್ಪೀಗಲ್ ಅವರ ಕಥೆಯೂ ಹೀಗೆಯೇ. ರೋಗ ಹರಡಿದ 86 ಹೆಂಗಸರಲ್ಲಿ, ವಾರಕ್ಕೊಮ್ಮೆ ಗುಂಪಾಗಿ ಕೂತು ಸಾವಿನ ಭಯವನ್ನೂ ಸೇರಿಸಿ ಎಲ್ಲವನ್ನೂ ಮಾತಾಡಿಕೊಂಡವರು ಸರಾಸರಿ ಎರಡು ಪಟ್ಟು ಕಾಲ ಬದುಕಿದರೆಂದು 1989ರಲ್ಲಿ ಅವರು ವರದಿ ಮಾಡಿದ್ದರು. 2001ರಲ್ಲಿ ಕೆನಡಾದ ಪಮೇಲಾ ಗುಡ್ವಿನ್ ತಂಡ 235 ಹೆಂಗಸರಲ್ಲಿ ಅದನ್ನೇ ಮಾಡಿ ನೋಡಿದಾಗ ಆಯುಷ್ಯ ಹೆಚ್ಚಲಿಲ್ಲ. 2007ರಲ್ಲಿ ಸ್ಪೀಗಲ್ ಅವರದೇ ಹೊಸ ಅಧ್ಯಯನದಲ್ಲೂ ಒಟ್ಟಾರೆ ಹೆಚ್ಚಲಿಲ್ಲ. ಗುಂಪಿನಲ್ಲಿ ಮಾತಾಡಿಕೊಂಡವರ ಮನಸ್ಸು ಹಗುರಾಯಿತು, ನೋವಿನ ಕಾಟ ಕಡಿಮೆ ಅನ್ನಿಸಿತು. ಮೊದಲಿಗೆ ಹೆಚ್ಚು ಕಂಗೆಟ್ಟಿದ್ದವರಿಗೇ ಹೆಚ್ಚು ಲಾಭವಾಯಿತು. ನನಗಂತೂ ಇದು ಸಣ್ಣ ಫಲವೆನಿಸುವುದಿಲ್ಲ.

ಹಾಗಾದರೆ ನಿಭಾಯಿಸುವ ಬಗೆಗೂ ಬೆಳವಣಿಗೆಗೂ ಏನು ಸಂಬಂಧ ಉಳಿಯಿತು? ಚಾರ್ಲ್ಸ್ ಕಾರ್ವರ್ 1993ರಲ್ಲಿ 59 ಹೆಂಗಸರನ್ನು ಒಂದು ವರ್ಷ ಹಿಂಬಾಲಿಸಿ, ಆದದ್ದನ್ನು ಒಪ್ಪಿಕೊಂಡವರು, ಅದರ ಬಗ್ಗೆ ತಮಾಷೆ ಮಾಡಬಲ್ಲವರು ಕಡಿಮೆ ನರಳಿದರು, ನಿರಾಕರಿಸಿದವರು, ಕೈಬಿಟ್ಟವರು ಹೆಚ್ಚು ನರಳಿದರು ಎಂದು ತೋರಿಸಿದರು. ಇಲ್ಲಿನ ಒಪ್ಪಿಗೆ ಗ್ರಿಯರ್ ಹೇಳಿದ ಮೌನ ಸಹನೆಯಲ್ಲ. ಆಗಿರುವುದು ಆಗಿದೆ, ಇನ್ನು ಮುಂದೇನು ಎಂಬ ಒಪ್ಪಿಗೆ. 2001ರಲ್ಲಿ ಮ್ಯಾಥ್ಯೂ ಕೊರ್ಡೋವ ತಂಡ ಸ್ತನ ಕ್ಯಾನ್ಸರ್ ದಾಟಿದ 70 ಹೆಂಗಸರನ್ನು, ಅದೇ ವಯಸ್ಸು ಮತ್ತು ಓದಿನ 70 ಆರೋಗ್ಯವಂತರೊಂದಿಗೆ ಹೋಲಿಸಿತು. ಬೆಳೆದೆವು ಎಂದವರು ಮೊದಲ ಗುಂಪಿನಲ್ಲಿ ಹೆಚ್ಚು. ಖಿನ್ನತೆಯಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. ಬೆಳವಣಿಗೆಯೊಂದಿಗೆ ಹೆಣೆದುಕೊಂಡಿದ್ದವು ಬೇರೆ ಸಂಗತಿಗಳು: ಇದು ಜೀವಕ್ಕೇ ಅಪಾಯ ಎಂದು ಅರಿತಿರುವುದು, ಕಾಯಿಲೆಯ ಬಗ್ಗೆ ಯಾರೊಂದಿಗಾದರೂ ಮಾತಾಡಿರುವುದು, ಕಳೆದ ಕಾಲ. ಆದಾಯವೂ. ಕೊನೆಯದನ್ನು ಪ್ರೇರಣಾ ಭಾಷಣಕಾರರು ಹೇಳುವುದಿಲ್ಲ.

ಆ್ಯನೆಟ್ ಸ್ಟ್ಯಾಂಟನ್ 2002ರಲ್ಲಿ ಮಾಡಿದ ಪ್ರಯೋಗ ನನಗೆ ಇಡೀ ಸಾಹಿತ್ಯದಲ್ಲೇ ಇಷ್ಟವಾದದ್ದು. 60 ಹೆಂಗಸರಲ್ಲಿ ಒಂದು ಗುಂಪಿನವರು ಕಾಯಿಲೆಯ ಬಗ್ಗೆ ತಮ್ಮ ಆಳದ ಭಾವನೆಗಳನ್ನು ಬರೆದರು. ಇನ್ನೊಂದು ಗುಂಪು ಕಾಯಿಲೆಯಿಂದಾದ ಒಳ್ಳೆಯದನ್ನು ಬರೆಯಿತು. ಮತ್ತೊಂದು ಗುಂಪು ಚಿಕಿತ್ಸೆಯ ವಿವರಗಳನ್ನಷ್ಟೇ. ಮೊದಲ ಎರಡು ಗುಂಪಿನವರು ಮುಂದಿನ ತಿಂಗಳುಗಳಲ್ಲಿ ತೊಂದರೆ ಹೇಳಿಕೊಂಡು ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ ಎರಡೂ ಎಲ್ಲರಿಗೂ ಹಿಡಿಸಲಿಲ್ಲ. ಕಾಯಿಲೆಯ ಯೋಚನೆಯನ್ನೇ ದೂರವಿಡುವ ಸ್ವಭಾವದವರಿಗೆ ಒಳ್ಳೆಯದನ್ನು ಬರೆಯುವುದು ಒಗ್ಗಿತು. ಅದನ್ನು ಎದುರಿಸಬಲ್ಲವರಿಗೆ ಆಳದ ಭಾವನೆಗಳನ್ನು ಬರೆಯುವುದು ಒಗ್ಗಿತು. ಇದಕ್ಕೆ ವಿರುದ್ಧವಾದ ಎಚ್ಚರಿಕೆಯೂ ಇದೆ. 2004ರಲ್ಲಿ ಪ್ಯಾಟ್ರಿಷಿಯಾ ಟೋಮಿಚ್ ಮತ್ತು ವಿಕಿ ಹೆಲ್ಗೆಸನ್ 364 ಹೆಂಗಸರನ್ನು ಗಮನಿಸಿದಾಗ, ಪತ್ತೆಯಾದ ನಾಲ್ಕೇ ತಿಂಗಳಿಗೆ ಕಾಯಿಲೆಯಲ್ಲಿ ಒಳಿತು ಕಂಡೆನೆಂದವರ ಮನಸ್ಥಿತಿ ಮುಂದೆ ಸುಧಾರಿಸುವ ಬದಲು ಕೆಟ್ಟಿತ್ತು. ರೋಗ ಹೆಚ್ಚು ತೀವ್ರವಾಗಿದ್ದವರಲ್ಲಿ ಇದು ಎದ್ದು ಕಂಡಿತು. ಅಳುವ ಮುಂಚೆಯೇ ನಗಬೇಕಾದವರಿಗೆ ಹಾಗಾಗುವುದು ಆಶ್ಚರ್ಯವೇನಲ್ಲ.

ಅಳತೆಪಟ್ಟಿಗಳ ಬಗ್ಗೆ ಇನ್ನೊಂದು ಮಾತು. ಕ್ಯಾನ್ಸರನ್ನು ನಿಭಾಯಿಸುವ ಬಗೆ ಅಳೆಯಲು ವಾಟ್ಸನ್, ಗ್ರಿಯರ್ ತಂಡ 1994ರಲ್ಲಿ ಪ್ರಕಟಿಸಿದ 29 ಹೇಳಿಕೆಗಳ ಪಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ದೇವರ ಕೈಗೆ ನನ್ನನ್ನು ಒಪ್ಪಿಸಿದ್ದೇನೆ ಎಂಬ ಅರ್ಥದ ಹೇಳಿಕೆಯೊಂದು ಅದರಲ್ಲಿದೆ. ಅದು 'ವಿಧಿವಾದ' ಎಂಬ ಅಂಕಣಕ್ಕೆ ಸೇರುತ್ತದೆ. ಬದುಕು ಎಷ್ಟು ಅಮೂಲ್ಯವೆಂದು ಈಗ ಅರಿತಿದ್ದೇನೆ ಎಂಬ ಹೇಳಿಕೆಯೂ ಅದೇ ವಿಧಿವಾದದ ಅಂಕಣದಲ್ಲಿದೆ. ಟೆಡೆಸ್ಕಿ, ಕ್ಯಾಲ್ಹೂನ್ ಪಟ್ಟಿಯಲ್ಲಿ ಹೆಚ್ಚುಕಡಿಮೆ ಇದೇ ಮಾತು ಬೆಳವಣಿಗೆಯ ಲಕ್ಷಣ. ಒಬ್ಬಳೇ ಹೆಂಗಸು, ಒಂದೇ ಮಾತು. ಒಂದು ಕಾಗದದಲ್ಲಿ ನಿಭಾಯಿಸುವ ಬಗೆ, ಇನ್ನೊಂದರಲ್ಲಿ ಅದರ ಫಲ. ಎರಡನ್ನೂ ತುಂಬಿಸಿ ಇವೆರಡಕ್ಕೂ ನಂಟಿದೆ ಎಂದು ತೀರ್ಮಾನಿಸುವ ಪ್ರಬಂಧಗಳನ್ನು ಓದುವಾಗ ವಿದ್ಯಾರ್ಥಿಗಳು ಇದನ್ನು ನೆನಪಿಡುವುದು ಒಳ್ಳೆಯದು.

ನಮ್ಮಲ್ಲಿ ಈ ಪಟ್ಟಿಗಳನ್ನು ಹಿಡಿದು ಹೊರಟವರಿಗೆ ತೊಡಕು ಇನ್ನೂ ಹೆಚ್ಚು. ದೇವರ ಮೇಲೆ ಭಾರ ಹಾಕಿದ್ದೀನಿ, ಹಣೆಬರಹದಲ್ಲಿ ಇದ್ದಂಗೆ ಆಗ್ಲಿ ಎನ್ನದ ಹೆಂಗಸು ಕರ್ನಾಟಕದ ಯಾವ ಊರಿನಲ್ಲಿದ್ದಾಳೆ? ಹಾಗೆ ಹೇಳಿದವಳೇ ಮೂರು ವಾರಕ್ಕೊಮ್ಮೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದು ಕೀಮೋ ಹಾಕಿಸಿಕೊಂಡು ಹೋಗುತ್ತಾಳೆ. ಇವಳನ್ನು ವಿಧಿವಾದಿ ಎಂದು ಬರೆದುಕೊಳ್ಳುವುದೋ ಹೋರಾಟಗಾರ್ತಿ ಎಂದೋ? ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ಕನ್ನಡದಲ್ಲಿ ಬಂದ ಮೇಲೆ ಸ್ತನ ಕ್ಯಾನ್ಸರಿನ ಅನುಭವವನ್ನು ಹೆಂಗಸೊಬ್ಬಳ ದನಿಯಲ್ಲೇ ಕೇಳುವುದು ನಮಗೂ ಸಾಧ್ಯವಾಯಿತು. ಅದು ಬರೆಯಬಲ್ಲವರ ಮಾತು. ಬರೆಯಲಾರದವರ ವಿಷಯದಲ್ಲಿ, ಅವಳಿಗೆ ಹೇಳಬೇಡಿ ಡಾಕ್ಟ್ರೇ, ಗಂಟು ಅಂತಷ್ಟೇ ಹೇಳಿ ಎಂದು ಗಂಡನೋ ಮಗನೋ ಕಾರಿಡಾರಿನಲ್ಲಿ ಕೈಮುಗಿಯುವುದು ಇನ್ನೂ ನಿಂತಿಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹೆಸರೇ ತಿಳಿಯದ ಕಾಯಿಲೆಯ ಬಗ್ಗೆ ಯಾರ ಬಳಿ ಏನೆಂದು ಮಾತಾಡುವುದು?

ಅವಳಿಗೆ ಗೊತ್ತಾಗದೆ ಇರುವುದೂ ಇಲ್ಲ. ಹೊರರೋಗಿ ವಿಭಾಗದ ಬೆಂಚಿನ ಮೇಲೆ ತಲೆಗೆ ಸೆರಗು ಹೊದ್ದು ಸಾಲಾಗಿ ಕೂತವರನ್ನು ನೋಡುತ್ತಾಳೆ. ಯಾವ ಊರು, ಎಷ್ಟು ಮಕ್ಕಳು ಎಂಬಲ್ಲಿಂದ ಮಾತು ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಪಕ್ಕದವಳು ಸೆರಗು ಸರಿಸಿ ಹೊಸದಾಗಿ ಚಿಗುರುತ್ತಿರುವ ಕೂದಲನ್ನು ತೋರಿಸುತ್ತಾಳೆ. ನಿಮಗೆ ಇದು ಎಷ್ಟನೇದು ಎಂದು ಕೇಳುತ್ತಾಳೆ.